ಹೆಸರು ಜೋಡಿ, ವೇದಿಕೆ ಮೇಲೆ ಒಬ್ಬರೇ

ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತವರು, ಪಾತ್ರೆ ತೊಳೀತಾ ಕೇಳ್ತಿರೋರು, ನಿದ್ದೆ ಬರಲಿ ಅಂತ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಕೊನೆಯವರಿಗೆ ಮಾತ್ರ ಒಂದು ಮಾತು: ಇವತ್ತಿನ ಕಥೆ ನಿದ್ದೆ ಬರಿಸುವ ಥರದ್ದಲ್ಲ. ಮಧ್ಯದಲ್ಲಿ ಲೈಂಗಿಕ ದೌರ್ಜನ್ಯದ ವಿಷಯ ಬರುತ್ತೆ. ಕೇಳೋಕೆ ಕಷ್ಟ ಅನ್ನಿಸಿದರೆ ಇನ್ನೊಂದು ದಿನ ಕೇಳಿ, ಬೇಜಾರಿಲ್ಲ.

2023ರ ಜೂನ್ 7. ಕೆನಡಾದ ಕಾಡ್ಗಿಚ್ಚಿನ ಹೊಗೆ ಗಾಳಿ ಜೊತೆ ಬಂದು ನ್ಯೂಯಾರ್ಕ್ ಮೇಲೆ ಕೂತಿತ್ತು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದ ಆ ಫೋಟೋಗಳನ್ನು ನೀವೂ ನೋಡಿರ್ತೀರಿ. ಅವತ್ತು ಮಧ್ಯಾಹ್ನ ಬ್ರಾಡ್‌ವೇಯ ಜಾನ್ ಗೋಲ್ಡನ್ ಥಿಯೇಟರ್‌ನಲ್ಲಿ ಒಂದು ನಾಟಕ ಶುರುವಾಯ್ತು. ಸುಮಾರು ಹತ್ತು ನಿಮಿಷ ಕಳೆದಿರಬೇಕು, ನಟಿ ಮಾತು ನಿಲ್ಲಿಸಿದರು. ಈ ಗಾಳಿಯಲ್ಲಿ ಉಸಿರಾಡೋಕೆ ಆಗ್ತಿಲ್ಲ ಅಂದರು. ಅವರನ್ನು ಒಳಗೆ ಕರ್ಕೊಂಡು ಹೋದರು. ಆಮೇಲೆ ಬದಲಿ ನಟಿ ಬಂದು ನಾಟಕವನ್ನು ಮತ್ತೆ ಮೊದಲಿಂದ ಶುರು ಮಾಡಿದರು.

ಬೇರೆ ನಾಟಕ ಆಗಿದ್ದರೆ ಒಬ್ಬರಿಗೆ ಹುಷಾರಿಲ್ಲ ಅಂದರೆ ಇನ್ನೊಬ್ಬರು ಒಂದೆರಡು ಮಾತು ಎಳೆದು ಹೇಗೋ ಸಂಭಾಳಿಸ್ತಾರೆ. ಇಲ್ಲಿ ಇನ್ನೊಬ್ಬರು ಅಂತ ಯಾರೂ ಇಲ್ಲ. ಸುಮಾರು 100 ನಿಮಿಷ, ಇಂಟರ್‌ವಲ್ ಇಲ್ಲ, ವೇದಿಕೆ ಮೇಲೆ ಒಬ್ಬರೇ ಒಬ್ಬರು. ಆ ನಟಿಗೆ ನಾಲ್ಕು ದಿನ ಆದಮೇಲೆ, ಜೂನ್ 11ಕ್ಕೆ, ಇದೇ ಪಾತ್ರಕ್ಕೆ ಟೋನಿ ಪ್ರಶಸ್ತಿ ಬಂತು. ಅಮೆರಿಕದ ರಂಗಭೂಮಿಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಲಂಡನ್‌ನ ದೊಡ್ಡ ರಂಗ ಪ್ರಶಸ್ತಿ ಒಲಿವಿಯೆ ಅದೇ ವರ್ಷ ಏಪ್ರಿಲ್‌ನಲ್ಲೇ ಬಂದಾಗಿತ್ತು.

ಅವರೇ ಜೋಡಿ ಕೋಮರ್. ಹೆಸರು ಜೋಡಿ, ವೇದಿಕೆ ಮೇಲೆ ಒಂಟಿ. ಈ ಜೋಕನ್ನು ಕನ್ನಡದಲ್ಲಿ ಮಾಡಬಹುದು, ಅದಕ್ಕೇ ಮಾಡಿಬಿಟ್ಟೆ. ಇನ್ನು ಮುಂದೆ ಗೊಂದಲ ಬೇಡ, ಕೋಮರ್ ಅಂತಲೇ ಕರೀತೀನಿ.

ನಿಮ್ಮಲ್ಲಿ ಬಹಳ ಜನಕ್ಕೆ ಇವರು ಗೊತ್ತಿರೋದು 'ಕಿಲ್ಲಿಂಗ್ ಈವ್' ಸರಣಿಯಿಂದ. ವಿಲನೆಲ್ ಅನ್ನೋ ಬಾಡಿಗೆ ಕೊಲೆಗಾರ್ತಿ. ಒಳ್ಳೆ ಬಟ್ಟೆ, ಒಳ್ಳೆ ಊಟ, ಒಂಚೂರೂ ಪಶ್ಚಾತ್ತಾಪ ಇಲ್ಲ. ಸರಣಿಯ ಉದ್ದಕ್ಕೂ ರಷ್ಯನ್, ಫ್ರೆಂಚ್, ಇಟಾಲಿಯನ್ ಅಂತ ಭಾಷೆ ಬದಲಾಯಿಸ್ತಾ ಹೋಗ್ತಾಳೆ. ನೋಡಿದವರು ಈ ನಟಿ ಯಾವುದೋ ಯುರೋಪಿಯನ್ ದೇಶದವರೇ ಇರಬೇಕು ಅಂದುಕೊಂಡಿದ್ದರು. 2019ರಲ್ಲಿ ಆ ಪಾತ್ರಕ್ಕೆ ಬಾಫ್ಟಾ ಬಂತು. ಕೋಮರ್ ವೇದಿಕೆ ಹತ್ತಿ, ತೀರಿಹೋದ ತಮ್ಮ ಅಜ್ಜಿಗೆ ಆ ಪ್ರಶಸ್ತಿ ಅರ್ಪಿಸಿ ಮಾತಾಡಿದರು. ಇಂಟರ್ನೆಟ್‌ನಲ್ಲಿ ಚರ್ಚೆ ಆಗಿದ್ದು ಅಜ್ಜಿ ಬಗ್ಗೆ ಕಡಿಮೆ, ಆ ಮಾತಿನ ಧಾಟಿ ಬಗ್ಗೆ ಜಾಸ್ತಿ. ಅದು ಅಪ್ಪಟ ಲಿವರ್‌ಪೂಲ್ ಇಂಗ್ಲಿಷ್!

ಆ ಧಾಟಿಗೆ 'ಸ್ಕೌಸ್' ಅಂತಾರೆ. ಮೂಲದಲ್ಲಿ ಅದು ಒಂದು ಅಡುಗೆಯ ಹೆಸರು. ಬಂದರಿನ ನಾವಿಕರು ತಿಂತಿದ್ದ, ಮಾಂಸ ಆಲೂಗಡ್ಡೆ ಹಾಕಿ ಕುದಿಸಿದ ಗಟ್ಟಿ ಸಾರು. ಸಾರಿನ ಹೆಸರು ಆಮೇಲೆ ಜನರಿಗೆ ಬಂತು, ಅವರ ಮಾತಿಗೂ ಬಂತು. ಐರ್ಲೆಂಡ್‌ನಿಂದ ಬಂದು ನೆಲೆಸಿದವರ ರಾಗ ಅದರಲ್ಲಿ ಸೇರಿಕೊಂಡಿದೆ. ಬ್ರಿಟನ್‌ನಲ್ಲಿ ಆ ಧಾಟಿ ಕೇಳಿದ ತಕ್ಷಣ ಕೆಲವರು ಒಂದು ತೀರ್ಮಾನಕ್ಕೆ ಬಂದುಬಿಡ್ತಾರೆ: ಬಡವರ ಮನೆಯವರು, ಜಾಸ್ತಿ ಓದಿರಲ್ಲ, ಸ್ವಲ್ಪ ಒರಟು, ತಮಾಷೆಗೆ ಸರಿ.

ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಿನಿಮಾದಲ್ಲಿ ಎಷ್ಟು ವರ್ಷ ಮಂಗಳೂರು ಕನ್ನಡ, ಧಾರವಾಡ ಕನ್ನಡ ಅಂದರೆ ಕಾಮಿಡಿ ಟ್ರ್ಯಾಕ್ ಅಂತಲೇ ಇತ್ತು, ಅಲ್ವಾ? 'ತಿಥಿ', 'ಗರುಡ ಗಮನ ವೃಷಭ ವಾಹನ', 'ಕಾಂತಾರ' ಬಂದಮೇಲೆ ಗಾಳಿ ಸ್ವಲ್ಪ ಬದಲಾಗಿದೆ. ನನ್ನೂರು ಹಾವೇರಿ ಕಡೆ. ಬೆಂಗಳೂರಿಗೆ ಓದೋಕೆ ಬಂದ ಮೊದಲ ವಾರ ಕ್ಲಾಸಲ್ಲಿ ಎದ್ದು ನಿಂತು 'ಹೌದ್ರೀ' ಅಂದೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಆ 'ರೀ' ಬಿಡೋಕೆ ನನಗೆ ಮೂರು ತಿಂಗಳೂ ಬೇಕಾಗ್ಲಿಲ್ಲ. ವಾಪಸ್ ತಂದುಕೊಳ್ಳೋಕೆ ಹತ್ತು ವರ್ಷ ಬೇಕಾಯ್ತು. ಕೋಮರ್ ಅವರ ಕಥೆಯಲ್ಲಿ ನನ್ನ ಕಿವಿ ಮೊದಲು ನೆಟ್ಟಿದ್ದು ಅಲ್ಲೇ.

ಸರಿ, ಹಿಂದಕ್ಕೆ ಹೋಗೋಣ. ಹುಟ್ಟಿದ್ದು 1993ರ ಮಾರ್ಚ್‌ನಲ್ಲಿ, ಲಿವರ್‌ಪೂಲ್‌ನಲ್ಲಿ. ಅಪ್ಪ ಎವರ್ಟನ್ ಫುಟ್‌ಬಾಲ್ ಕ್ಲಬ್‌ನಲ್ಲಿ ಫಿಸಿಯೋಥೆರಪಿಸ್ಟ್, ಅಮ್ಮ ಅಲ್ಲಿನ ಲೋಕಲ್ ರೈಲು ಸಂಸ್ಥೆಯಲ್ಲಿ ಉದ್ಯೋಗಿ. ಮನೆಯಲ್ಲಿ ಯಾರೂ ನಾಟಕದವರಲ್ಲ. ಆದರೆ ಟಿವಿಯಲ್ಲಿ ಜಾಹೀರಾತು ಬಂದಾಗ ಅಪ್ಪ ಮಗಳು ಇಬ್ಬರೂ ಸೇರಿ ಆ ದನಿಗಳ ಮಿಮಿಕ್ರಿ ಮಾಡ್ತಿದ್ದರಂತೆ. ಮುಂದೆ ವಿಲನೆಲ್ ಹತ್ತಾರು ದನಿಯಲ್ಲಿ ಮಾತಾಡಿದ್ದಕ್ಕೆ ಅಭ್ಯಾಸ ಶುರುವಾಗಿದ್ದು ಮನೆಯ ಸೋಫಾ ಮೇಲೆ.

ಶಾಲೆಯಲ್ಲಿ ಒಂದು ಟ್ಯಾಲೆಂಟ್ ಶೋ ಇತ್ತು, ನಮ್ಮ ಪ್ರತಿಭಾ ಕಾರಂಜಿ ಥರ. ಗೆಳತಿಯರ ಜೊತೆ ಡ್ಯಾನ್ಸ್ ಮಾಡೋದು ಅಂತ ಮಾತಾಗಿತ್ತು. ಈ ಹುಡುಗಿ ಮನೆಯವರ ಜೊತೆ ರಜೆಗೆ ಹೋಗಿ ರಿಹರ್ಸಲ್ ತಪ್ಪಿಸಿಕೊಂಡಳು. ಬಂದು ನೋಡಿದರೆ ಗುಂಪಿನಿಂದ ಹೊರಗೆ! ಗುಂಪೇ ಇಲ್ಲದಮೇಲೆ ಏನು ಮಾಡೋದು? ಏಕಪಾತ್ರಾಭಿನಯ. ಅವಳು ಆರಿಸಿಕೊಂಡ ವಿಷಯ ಹಿಲ್ಸ್‌ಬರೋ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಿಲ್ಸ್‌ಬರೋ ಅನ್ನೋದು ಶೆಫೀಲ್ಡ್ ಊರಿನ ಫುಟ್‌ಬಾಲ್ ಮೈದಾನ. 1989ರ ಏಪ್ರಿಲ್ 15ರಂದು ಅಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯ. ಜನರನ್ನು ಒಂದೇ ಕಡೆ ಒಳಗೆ ಬಿಟ್ಟು ವಿಪರೀತ ನೂಕುನುಗ್ಗಲಾಗಿ, ಕಡೆಗೆ ಸತ್ತವರ ಲೆಕ್ಕ 97. ತಪ್ಪು ಪೊಲೀಸರ ನಿರ್ವಹಣೆಯಲ್ಲಿತ್ತು. ಆದರೆ ಪೊಲೀಸರು ಬೊಟ್ಟು ಮಾಡಿದ್ದು ಅಭಿಮಾನಿಗಳ ಕಡೆಗೆ, ಕುಡಿದು ಬಂದಿದ್ದರು, ನುಗ್ಗಿದರು ಅಂತ. ಒಂದು ದೊಡ್ಡ ಪತ್ರಿಕೆ ಅದನ್ನೇ ಮುಖಪುಟದಲ್ಲಿ ಹಾಕಿತು. ಆ ಪತ್ರಿಕೆಯನ್ನು ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಎಷ್ಟೋ ಜನ ಮುಟ್ಟಲ್ಲ. ಅದು ಆಕಸ್ಮಿಕ ಸಾವು ಅನ್ನೋ ತೀರ್ಪು ರದ್ದಾಗಿದ್ದು 2012ರಲ್ಲಿ. ಅಭಿಮಾನಿಗಳ ತಪ್ಪಿಲ್ಲ, ಇವು ಕಾನೂನುಬಾಹಿರ ಸಾವುಗಳು ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ!

ಈ ಹುಡುಗಿ ಆ ಮಾತುಗಳನ್ನು ಹೇಳಿದ್ದು ಸುಮಾರು ಹನ್ನೆರಡನೇ ವಯಸ್ಸಿಗೆ. ಅಂದರೆ ಇಡೀ ಊರಿಗೆ ಸತ್ಯ ಗೊತ್ತಿದ್ದು ಸರ್ಕಾರಿ ಕಾಗದ ಮಾತ್ರ ಬೇರೇನೋ ಹೇಳ್ತಿದ್ದ ಕಾಲದಲ್ಲಿ. ಅದನ್ನೇ ಲಿವರ್‌ಪೂಲ್‌ನ ಒಂದು ಕಲೋತ್ಸವದಲ್ಲಿ ಅಭಿನಯಿಸಿದಾಗ ಮೊದಲ ಬಹುಮಾನ ಬಂತು. ಶಾಲೆಯ ಡ್ರಾಮಾ ಟೀಚರ್ ಬಿಬಿಸಿ ರೇಡಿಯೊ ನಾಟಕವೊಂದರ ಆಡಿಷನ್‌ಗೆ ಕಳಿಸಿದರು. ಮೊದಲ ಸಂಬಳದ ಕೆಲಸ ಅದು.

ಅಲ್ಲಿಂದ ನೇರವಾಗಿ ಆಕಾಶಕ್ಕೆ ಹಾರಿದರು ಅಂದುಕೊಳ್ಳಬೇಡಿ. ಲಂಡನ್‌ನ ಡ್ರಾಮಾ ಸ್ಕೂಲಿಗೆ ಹೋಗ್ಲಿಲ್ಲ. ಬ್ರಿಟನ್‌ನಲ್ಲಿ ದೊಡ್ಡ ನಟ ನಟಿಯರಲ್ಲಿ ಎಷ್ಟೋ ಜನ ಆ ದಾರಿಯಲ್ಲೇ ಬರೋದು. ಅದಕ್ಕೆ ಫೀಸು ಬೇಕು, ಲಂಡನ್ ಬಾಡಿಗೆ ಬೇಕು, ಕೆಲಸ ಸಿಗೋವರೆಗೆ ಸಾಕೋಕೆ ಮನೆಯವರು ಬೇಕು. ಇವರು ಊರಲ್ಲೇ ಇದ್ದು ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತರು, ಬಾರ್‌ನಲ್ಲಿ ಕೆಲಸ ಮಾಡಿದರು, ಮಧ್ಯೆ ಮಧ್ಯೆ ಆಡಿಷನ್ ಕೊಟ್ಟರು. 'ಹೋಲ್ಬಿ ಸಿಟಿ', 'ಕ್ಯಾಶುಯಲ್ಟಿ', 'ವಾಟರ್‌ಲೂ ರೋಡ್', ಇವೆಲ್ಲ ಅಲ್ಲಿನ ಟಿವಿ ಧಾರಾವಾಹಿಗಳು. ಒಂದು ಎಪಿಸೋಡಿಗೆ ಬಂದು ಹೋಗೋ ಪಾತ್ರಗಳು. 2010ರಲ್ಲಿ ಸ್ಕಾರ್ಬರೋ ಊರಿನ ಥಿಯೇಟರ್‌ನಲ್ಲಿ ಒಂದು ನಾಟಕ ಮಾಡಿದರು. ಅದಾದಮೇಲೆ ಹನ್ನೆರಡು ವರ್ಷ ಬರೀ ಕ್ಯಾಮೆರಾ ಮುಂದೆ.

2012ರಲ್ಲಿ 'ಗುಡ್ ಕಾಪ್' ಅನ್ನೋ ಸರಣಿಯ ಸೆಟ್‌ನಲ್ಲಿ ಒಬ್ಬ ಹಿರಿಯ ನಟ ಸಿಕ್ಕರು. ಅವರೂ ಲಿವರ್‌ಪೂಲ್ ಪಕ್ಕದವರೇ. ಈ ಹುಡುಗಿಯ ಅಭಿನಯ ನೋಡಿ ತಮ್ಮ ಏಜೆಂಟ್‌ಗೆ ಹೇಳಿದರು. ಅವರ ಹೆಸರು ಸ್ಟೀಫನ್ ಗ್ರಹಾಂ. ನೀವು 'ಅಡಾಲೆಸೆನ್ಸ್' ನೋಡಿದ್ದರೆ ಅದರಲ್ಲಿ ಆ ಹುಡುಗನ ಅಪ್ಪ ಇದ್ದಾರಲ್ಲ, ಅವರೇ. ಪ್ರತಿಭೆ ಇದ್ದರೆ ಸಾಕು, ಬೆಳಕಿಗೆ ಬಂದೇ ಬರುತ್ತೆ ಅಂತ ನಾವೆಲ್ಲ ಹೇಳ್ತೀವಿ. ಸುಳ್ಳು ಅನ್ನಲ್ಲ. ಆದರೆ ಅವತ್ತು ಅದೇ ಕಡೆಯ ಒಬ್ಬರು ಒಂದು ಫೋನ್ ಮಾಡದೇ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ಒಂದೊಂದು ಎಪಿಸೋಡಿನ ಪಾತ್ರವೇ ಗತಿ ಆಗ್ತಿತ್ತೋ!

ಆಮೇಲಿನದನ್ನು ಬೇಗ ಹೇಳ್ತೀನಿ. 2013ರಲ್ಲಿ 'ಮೈ ಮ್ಯಾಡ್ ಫ್ಯಾಟ್ ಡೈರಿ', 2015ರಲ್ಲಿ 'ಡಾಕ್ಟರ್ ಫಾಸ್ಟರ್'. 2016ರಲ್ಲಿ 'ಥರ್ಟೀನ್', ಹದಿಮೂರು ವರ್ಷ ಒಂದು ನೆಲಮಾಳಿಗೆಯಲ್ಲಿ ಬಂದಿಯಾಗಿದ್ದು ತಪ್ಪಿಸಿಕೊಂಡು ಬಂದ ಹೆಣ್ಣುಮಗಳ ಪಾತ್ರ. ಅವಳು ಹೇಳಿದ್ದನ್ನು ಪೊಲೀಸರು ಪೂರ್ತಿ ನಂಬಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ. 2018ರಲ್ಲಿ 'ಕಿಲ್ಲಿಂಗ್ ಈವ್'. 2019ರಲ್ಲಿ ಬಾಫ್ಟಾ ಆಯ್ತು, ಸೆಪ್ಟೆಂಬರ್‌ನಲ್ಲಿ ಎಮ್ಮಿ. ಎಮ್ಮಿ ಸಮಾರಂಭಕ್ಕೆ ಅಪ್ಪ ಅಮ್ಮನನ್ನು ಕರ್ಕೊಂಡೇ ಹೋಗಿರ್ಲಿಲ್ಲ, ಈ ಸಲ ನಂದಲ್ಲ ಅಂದುಕೊಂಡು. ಗೆದ್ದಮೇಲೆ ವೇದಿಕೆ ಮೇಲಿಂದಲೇ ಲಿವರ್‌ಪೂಲ್‌ನಲ್ಲಿರೋ ಅವರಿಗೆ ಸಾರಿ ಕೇಳಿದರು. ಆಗ ವಯಸ್ಸು 26.

ಇಲ್ಲಿಗೆ ಒಬ್ಬ ಸ್ಟಾರ್‌ನ ಕಥೆ ಮುಗಿದಿರಬಹುದಿತ್ತು. ಹಾಲಿವುಡ್ ಬಾಗಿಲು ತೆರೆದಿತ್ತು, 'ಫ್ರೀ ಗೈ' ಥರದ ದೊಡ್ಡ ಬಜೆಟ್ ಸಿನಿಮಾ ಕೈಯಲ್ಲಿತ್ತು. ಆದರೆ ನನಗೆ ಕುತೂಹಲ ಇರೋದು ನಂತರದ ಮೂರು ವರ್ಷದ ಮೇಲೆ.

2020, ಲಾಕ್‌ಡೌನ್. ಬಿಬಿಸಿ ತನ್ನ ಹಳೆಯ 'ಟಾಕಿಂಗ್ ಹೆಡ್ಸ್' ಸರಣಿಯನ್ನು ಹೊಸ ನಟರ ಜೊತೆ ಮತ್ತೆ ಮಾಡಿತು. ಅಲನ್ ಬೆನೆಟ್ ಬರೆದ ಏಕವ್ಯಕ್ತಿ ತುಣುಕುಗಳು. ಒಬ್ಬರು ಕೂತು ಕ್ಯಾಮೆರಾ ನೋಡ್ತಾ ಮಾತಾಡೋದು, ಅಷ್ಟೇ. ಕೋಮರ್‌ಗೆ ಸಿಕ್ಕಿದ್ದು ತಾನು ದೊಡ್ಡ ನಟಿ ಅಂತ ನಂಬಿಕೊಂಡಿರೋ ಒಬ್ಬ ಸಣ್ಣ ನಟಿಯ ಪಾತ್ರ. 2021ರಲ್ಲಿ 'ಹೆಲ್ಪ್' ಅನ್ನೋ ಟಿವಿ ಚಿತ್ರ. ಲಿವರ್‌ಪೂಲ್‌ನ ಒಂದು ವೃದ್ಧಾಶ್ರಮ, ಕೋವಿಡ್ ಮೊದಲ ಅಲೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರೋ ಆರೈಕೆ ಹುಡುಗಿ ಸಹಾಯಕ್ಕೆ ಫೋನ್ ಮಾಡ್ತಾನೇ ಇದ್ದಾಳೆ, ಯಾರೂ ಬರ್ತಿಲ್ಲ. ಆ ಭಾಗ ಸುಮಾರು 26 ನಿಮಿಷ, ಒಂದೇ ಟೇಕ್. ಎದುರಿಗೆ ಇನ್ನೊಂದು ಮುಖ್ಯ ಪಾತ್ರದಲ್ಲಿ ಅದೇ ಸ್ಟೀಫನ್ ಗ್ರಹಾಂ. ಬರೆದವರು ಜ್ಯಾಕ್ ಥಾರ್ನ್. ಹೌದು, 'ಅಡಾಲೆಸೆನ್ಸ್' ಬರೆದ ಇಬ್ಬರಲ್ಲಿ ಒಬ್ಬರು. ಈ ಸಲ ಕೋಮರ್ ತಮ್ಮ ಸ್ವಂತ ಧಾಟಿಯಲ್ಲೇ ಮಾತಾಡಿದರು, ಎರಡನೇ ಬಾಫ್ಟಾ ಅದಕ್ಕೇ ಬಂತು.

ಅದೇ ವರ್ಷ ರಿಡ್ಲಿ ಸ್ಕಾಟ್ ನಿರ್ದೇಶನದ 'ದಿ ಲಾಸ್ಟ್ ಡ್ಯೂಯಲ್'. 1386ರ ಫ್ರಾನ್ಸ್. ತನ್ನ ಮೇಲೆ ಅತ್ಯಾಚಾರ ಆಯ್ತು ಅಂತ ಬಾಯಿ ಬಿಟ್ಟು ಹೇಳಿದ ಹೆಂಗಸು. ಅವಳ ಮಾತು ನಿಜವೋ ಸುಳ್ಳೋ ತೀರ್ಮಾನ ಆಗಬೇಕಾಗಿದ್ದು ಇಬ್ಬರು ಗಂಡಸರು ಕತ್ತಿ ಹಿಡಿದು ಕಾದಾಡೋದರಿಂದ. ಗಂಡ ಸೋತರೆ ಇವಳು ಸುಳ್ಳುಗಾರ್ತಿ, ಬೆಂಕಿಗೆ. ಚಿತ್ರ ಥಿಯೇಟರ್‌ನಲ್ಲಿ ಓಡ್ಲಿಲ್ಲ. ನನ್ನ ಪ್ರಕಾರ ಕೋಮರ್ ಸಿನಿಮಾಗಳಲ್ಲಿ ಮೊದಲು ನೋಡಬೇಕಾದದ್ದು ಅದು.

ಈಗ ಸಾಲಾಗಿ ಇಟ್ಟು ನೋಡಿ. ಹಿಲ್ಸ್‌ಬರೋ, 'ಥರ್ಟೀನ್', 'ಹೆಲ್ಪ್', 'ದಿ ಲಾಸ್ಟ್ ಡ್ಯೂಯಲ್'. ಎಲ್ಲದರಲ್ಲೂ ಒಬ್ಬರು ನಡೆದಿದ್ದನ್ನು ಹೇಳ್ತಿದ್ದಾರೆ, ಕೇಳಬೇಕಾದವರು ಕಿವಿಗೆ ಹಾಕ್ಕೊಳ್ತಿಲ್ಲ. ಕೋಮರ್ ಬೇಕು ಅಂತಲೇ ಹೀಗೆ ಆರಿಸಿಕೊಂಡರು ಅಂತ ನಾನು ಹೇಳ್ತಿಲ್ಲ, ಪಾತ್ರಗಳು ಹಾಗೆಲ್ಲ ಲೆಕ್ಕ ಹಾಕಿ ಸಿಗಲ್ಲ. ಆದರೆ ಮುಂದಿನ ಪಾತ್ರ ಬಂದಾಗ ಅವರ ದನಿ ಅದಕ್ಕೆ ತಯಾರಿತ್ತು.

ಆ ನಾಟಕ 'ಪ್ರೈಮಾ ಫೇಸಿ'. ಕೋರ್ಟ್ ಸುದ್ದಿ ಓದೋ ಅಭ್ಯಾಸ ಇದ್ದರೆ ಇದರ ಕನ್ನಡ ನಿಮಗೆ ಗೊತ್ತು: 'ಮೇಲ್ನೋಟಕ್ಕೆ'. ಬರೆದವರು ಸೂಜಿ ಮಿಲ್ಲರ್, ಆಸ್ಟ್ರೇಲಿಯಾದಲ್ಲಿ ವಕೀಲಿಕೆ ಮಾಡಿ ನಾಟಕಕ್ಕೆ ಬಂದವರು. ಮೊದಲ ಪ್ರಯೋಗ 2019ರಲ್ಲಿ ಸಿಡ್ನಿಯಲ್ಲಿ, ಬೇರೆ ನಟಿಯಿಂದ. ಲಂಡನ್‌ನ ಹೆರಾಲ್ಡ್ ಪಿಂಟರ್ ಥಿಯೇಟರ್‌ಗೆ ಕೋಮರ್ ಜೊತೆ ಬಂದಿದ್ದು 2022ರ ಏಪ್ರಿಲ್ 15ಕ್ಕೆ. ಹಿಲ್ಸ್‌ಬರೋ ನಡೆದ ದಿನಾಂಕವೇ. ಕಾಕತಾಳೀಯ ಇರಬೇಕು.

ಕಥೆ ಟೆಸ್ಸಾ ಅನ್ನೋ ವಕೀಲೆಯದು. ದುಡಿಯೋ ವರ್ಗದ ಮನೆಯಿಂದ ಬಂದು, ದೊಡ್ಡ ಮನೆತನದ ಮಕ್ಕಳ ನಡುವೆ ಓದಿ ಗೆದ್ದವಳು. ಲೈಂಗಿಕ ದೌರ್ಜನ್ಯದ ಆರೋಪಿಗಳ ಪರ ವಾದಿಸ್ತಾಳೆ. ಪಾಟೀಸವಾಲಿನಲ್ಲಿ ಇವಳನ್ನು ಮೀರಿಸೋರಿಲ್ಲ. ದೂರು ಕೊಟ್ಟ ಹೆಣ್ಣುಮಕ್ಕಳ ಮಾತಿನಲ್ಲಿ ಒಂದು ಸಣ್ಣ ತೂತು ಸಿಕ್ಕರೂ ಸಾಕು, ಅದನ್ನು ದೊಡ್ಡದು ಮಾಡಿ ಕೇಸ್ ಬೀಳಿಸ್ತಾಳೆ. ಅದು ಅವಳಿಗೆ ಆಟ, ನಮಗೂ ನೋಡೋಕೆ ಮಜಾ. ಆಮೇಲೆ ಒಂದು ರಾತ್ರಿ, ಅವಳದೇ ಸಹೋದ್ಯೋಗಿಯಿಂದ, ಅವಳ ಮೇಲೇ ಅದು ನಡೆಯುತ್ತೆ. ಅವಳು ಕುಡಿದಿದ್ದಳು. ಅವನ ಜೊತೆ ಮೊದಲೇ ಒಪ್ಪಿಗೆಯ ಸಂಬಂಧ ಇತ್ತು. ಆದ ತಕ್ಷಣ ಸ್ನಾನ ಮಾಡಿಬಿಟ್ಟಳು. ಕೋರ್ಟಿನಲ್ಲಿ ಇದೆಲ್ಲದರ ಬೆಲೆ ಏನು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ದೂರು ಕೊಡ್ತಾಳೆ. 782 ದಿನ ಕಾದು ಕಟಕಟೆಗೆ ಬರ್ತಾಳೆ, ಈ ಸಲ ಪ್ರಶ್ನೆ ಕೇಳೋಕಲ್ಲ. ತೀರ್ಪು ಏನು ಅಂತ ಹೇಳಲ್ಲ, ನೋಡಿ.

ನಾನು ನೋಡಿದ್ದು ರೆಕಾರ್ಡಿಂಗ್, ಎದುರಿಗೆ ಕೂತು ನೋಡೋ ಭಾಗ್ಯ ಇರ್ಲಿಲ್ಲ. ನಮ್ಮಲ್ಲಿ ಹರಿಕಥೆ ದಾಸರನ್ನು ನೋಡಿದವರಿಗೆ ಒಬ್ಬರೇ ಹತ್ತು ಜನ ಆಗೋದು ಹೊಸದಲ್ಲ. ಆದರೆ ದಾಸರ ಹಿಂದೆ ಹಾರ್ಮೋನಿಯಂ ಇರುತ್ತೆ, ತಬಲಾ ಇರುತ್ತೆ, ಉಸಿರು ತಗೊಳ್ಳೋಕೆ ಒಂದು ಹಾಡಿರುತ್ತೆ. ಇಲ್ಲಿ ಟೇಬಲ್ಲು ಎಳೆಯೋದು, ಮೇಲೆ ಹತ್ತೋದು, ಬಟ್ಟೆ ಬದಲಾಯಿಸೋದು, ಜಡ್ಜ್ ಆಗೋದು, ಅಮ್ಮ ಆಗೋದು, ಎಲ್ಲ ಇವರದೇ. ಒಂದು ಹಂತದಲ್ಲಿ ವೇದಿಕೆ ಮೇಲೆ ನಿಜವಾಗಿ ಮಳೆ ಸುರಿಯುತ್ತೆ, ತೊಪ್ಪೆಯಾಗಿ ನೆನೆದುಕೊಂಡೇ ಮಾತು ಮುಂದುವರಿಸ್ತಾರೆ. ಡ್ರಾಮಾ ಸ್ಕೂಲ್ ತರಬೇತಿ ಇಲ್ಲ, ಹನ್ನೆರಡು ವರ್ಷದಿಂದ ರಂಗದ ಮೇಲೆ ಕಾಲಿಟ್ಟಿಲ್ಲ, ಕ್ಯಾಮೆರಾ ಮುಂದೆ ಇದ್ದ 'ಇನ್ನೊಂದು ಟೇಕ್' ಇಲ್ಲ. ಹೆಸರು ಮಾಡಿದ ಮೇಲೆ ಹೀಗೆ ಬಿದ್ದರೆ ಎಲ್ಲರ ಮುಂದೆ ಬೀಳ್ತೀರಿ. ಅದು ಗೊತ್ತಿದ್ದೇ ಒಪ್ಪಿಕೊಂಡರು.

ಮತ್ತು ಆ ಧಾಟಿ! ಕೋಮರ್ ಅವರ ಟೆಸ್ಸಾ ಲಿವರ್‌ಪೂಲ್‌ನವಳು. ಕೋರ್ಟಿನಲ್ಲಿ ಒಂದು ಇಂಗ್ಲಿಷ್, ಅಮ್ಮನ ಮುಂದೆ ಇನ್ನೊಂದು. ಕಟಕಟೆಯಲ್ಲಿ ನಿಂತಾಗ ಕೋರ್ಟಿನ ಇಂಗ್ಲಿಷ್ ನಿಧಾನಕ್ಕೆ ಕೈ ಕೊಡುತ್ತೆ. ಅದನ್ನು ಕೇಳಿದಾಗ ನನಗೆ ನನ್ನ 'ಹೌದ್ರೀ' ನೆನಪಾಯ್ತು.

ಒಂದು ತಕರಾರೂ ಇದೆ. ಕೊನೆಯ ಭಾಗದಲ್ಲಿ ನಾಟಕ ಸ್ವಲ್ಪ ಭಾಷಣ ಆಗಿಬಿಡುತ್ತೆ. ಟೆಸ್ಸಾ ಪ್ರೇಕ್ಷಕರ ಕಡೆ ತಿರುಗಿ ಕಾನೂನು ಹೇಗೆ ಬದಲಾಗಬೇಕು ಅಂತ ಹೇಳ್ತಾಳೆ. ಅಷ್ಟೊತ್ತಿಗೆ ನಮಗೆ ಅದು ಅರ್ಥ ಆಗಿರುತ್ತೆ, ಹೇಳೋ ಅಗತ್ಯ ಇರ್ಲಿಲ್ಲ ಅಂತ ಅನ್ನಿಸಿತು. ಆದರೆ ಉತ್ತರ ಐರ್ಲೆಂಡ್‌ನಲ್ಲಿ ನ್ಯಾಯಾಧೀಶರ ತರಬೇತಿಗೆ ಈ ನಾಟಕದ ರೆಕಾರ್ಡಿಂಗ್ ಸೇರಿಸಿದ್ದಾರೆ ಅಂತ ಓದಿದಮೇಲೆ ನನ್ನ ತಕರಾರಿನ ದನಿ ತಾನಾಗೇ ಇಳಿಯಿತು. ಲಂಡನ್ ಪ್ರದರ್ಶನದ ಜೊತೆ ಕೈ ಜೋಡಿಸಿದ್ದ ಒಂದು ಸಂಸ್ಥೆ ಇದೆ, ಸ್ಕೂಲ್ಸ್ ಕನ್ಸೆಂಟ್ ಪ್ರಾಜೆಕ್ಟ್ ಅಂತ. ವಕೀಲರೇ ಶಾಲೆಗಳಿಗೆ ಹೋಗಿ, ಒಪ್ಪಿಗೆ ಅಂದರೆ ಏನು, ಕಾನೂನು ಏನು ಹೇಳುತ್ತೆ ಅಂತ ಹದಿಹರೆಯದ ಮಕ್ಕಳಿಗೆ ಪಾಠ ಮಾಡ್ತಾರೆ. ನಾಟಕ ನೋಡಿ ಬಂದವರು ಮನೆಗೆ ಹೋಗಿ ಮರೆತುಬಿಡಬಾರದು ಅನ್ನೋ ಕಾಳಜಿ ಅದು.

2022ರ ಜುಲೈನಲ್ಲಿ ನ್ಯಾಷನಲ್ ಥಿಯೇಟರ್ ಲೈವ್ ಮೂಲಕ ರೆಕಾರ್ಡಿಂಗ್ ಸಿನಿಮಾ ಮಂದಿರಗಳಿಗೆ ಬಂತು. 2024ರಲ್ಲಿ ಮತ್ತೊಮ್ಮೆ ಬಿಟ್ಟರು. ನಮ್ಮ ದೇಶದಲ್ಲಿ ಇಂಥ ರೆಕಾರ್ಡಿಂಗ್‌ಗಳು ಮುಂಬೈನ ಎನ್‌ಸಿಪಿಎಯಲ್ಲಿ ಆಗಾಗ ಬರ್ತಿರುತ್ತವೆ, ಆ ಕಡೆ ಹೋಗೋರು ಕಣ್ಣಿಟ್ಟಿರಿ.

ಆಮೇಲೆ ಸಿನಿಮಾಗಳು ಬಂದವು. 'ದಿ ಬೈಕ್‌ರೈಡರ್ಸ್'ನಲ್ಲಿ ಅರವತ್ತರ ದಶಕದ ಶಿಕಾಗೊ ಹೆಂಗಸು, 2025ರಲ್ಲಿ ಡ್ಯಾನಿ ಬಾಯ್ಲ್ ಅವರ '28 ಇಯರ್ಸ್ ಲೇಟರ್'ನಲ್ಲಿ ಇಂಗ್ಲೆಂಡಿನ ಈಶಾನ್ಯ ಮೂಲೆಯ ತಾಯಿ. ಎರಡಕ್ಕೂ ಬೇರೆ ಬೇರೆ ಧಾಟಿ, ಸೋಫಾ ಮೇಲೆ ಕಲಿತಿದ್ದು ಇನ್ನೂ ಖರ್ಚಾಗಿಲ್ಲ. ಅದರ ನಡುವೆಯೇ 2026ರ ಆರಂಭಕ್ಕೆ 'ಪ್ರೈಮಾ ಫೇಸಿ'ಯ ಬ್ರಿಟನ್ ಮತ್ತು ಐರ್ಲೆಂಡ್ ಪ್ರವಾಸ ಪ್ರಕಟವಾಯ್ತು. ಟೆಸ್ಸಾಗೆ ವಿದಾಯ ಹೇಳೋ ಪ್ರವಾಸ ಅಂತ. ಒಂದೊಂದೇ ಊರು ದಾಟಿ ಕೊನೆಯ ನಿಲ್ದಾಣ ಅಂತ ಇಟ್ಟುಕೊಂಡಿದ್ದು ಲಿವರ್‌ಪೂಲ್ ಪ್ಲೇಹೌಸ್. ಎಮ್ಮಿಗೆ ಅಪ್ಪ ಅಮ್ಮನನ್ನು ಕರೆಯದೇ ಹೋಗಿದ್ದ ಮಗಳು ಈ ಸಲ ಅವರ ಊರಿಗೇ ನಾಟಕ ತಗೊಂಡು ಹೊರಟಳು.

ಇವತ್ತಿಗೆ ಇಷ್ಟು. ನಿಮ್ಮೂರಿನ ಮಾತಿಗೆ ಯಾರಾದರೂ ನಕ್ಕಿದ್ದರೆ ಒಂದು ವಾಯ್ಸ್ ನೋಟ್ ಕಳಿಸಿ, ನಿಮ್ಮೂರಿನ ಧಾಟಿಯಲ್ಲೇ. ಮುಂದಿನ ಸಂಚಿಕೆಯಲ್ಲಿ ಕೆಲವನ್ನು ಕೇಳೋಣ. ಬರ್ತೀನ್ರೀ, ನಮಸ್ಕಾರ.